ವಿದ್ಯುತ್ ದರದ ಅರ್ಜಿಗೆ ಆಕ್ಷೇಪಣೆ: ಆಯೋಗ ಉತ್ತರಿಸಲೇಬೇಕಾದಂತೆ ಬರೆಯುವುದು ಹೇಗೆ

ಎಸ್ಕಾಂಗಳು, ಅಂದರೆ ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ವಿತರಣಾ ಕಂಪನಿಗಳು, ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗಲೆಲ್ಲ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಒಂದೇ ಧಾಟಿಯ ಪತ್ರಗಳು ಹೋಗುತ್ತವೆ: "ಬೆಲೆ ಏರಿಕೆಯಿಂದ ಜನ ಬಸವಳಿದಿದ್ದಾರೆ, ದರ ಏರಿಸಬಾರದು." ಮಾತು ನಿಜವೇ. ಆದರೆ ಆದೇಶದಲ್ಲಿ ಅದಕ್ಕೆ ಸಿಗುವುದು ಒಂದು ಸಾಲಿನ ಉತ್ತರ, ಏಕೆಂದರೆ ಆಯೋಗ ದರ ಹಾಕುವುದು ಕಂಪನಿ ತೋರಿಸಿದ ಖರ್ಚನ್ನು ಒಂದೊಂದಾಗಿ ಒಪ್ಪುತ್ತಾ, ಕತ್ತರಿಸುತ್ತಾ. ಕಷ್ಟವನ್ನು ತೋಡಿಕೊಂಡರೆ ಆಯೋಗದ ಕತ್ತರಿಗೆ ಏನೂ ಸಿಗುವುದಿಲ್ಲ. "ಈ ಪುಟದ ಈ ಅಂಕಿ ತಪ್ಪು, ಇಷ್ಟಿರಬೇಕು" ಎಂದರೆ ಸಿಗುತ್ತದೆ.

ಆಯೋಗದ ಕೈ ಎಲ್ಲಿಯವರೆಗೆ ಚಾಚುತ್ತದೆ

ಇದಕ್ಕೆ ಸ್ವಲ್ಪ ಹಿಂದಿನದು ಗೊತ್ತಿರಬೇಕು. 1948ರ ವಿದ್ಯುತ್ ಪೂರೈಕೆ ಕಾಯ್ದೆಯ ಕಾಲದಲ್ಲಿ ಕರೆಂಟು ಹಂಚುತ್ತಿದ್ದದ್ದು ಕೆಇಬಿ (ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ), ದರ ಹಾಕುತ್ತಿದ್ದದ್ದೂ ಕೆಇಬಿ. ಹೂಂ ಅನ್ನುವುದೋ ಊಹೂಂ ಅನ್ನುವುದೋ ಸರ್ಕಾರದ ಇಷ್ಟ. ಚುನಾವಣೆ ಹತ್ತಿರವಿದ್ದರೆ ದರ ಏರುತ್ತಿರಲಿಲ್ಲ, ನಷ್ಟ ಮಂಡಳಿಯ ತಲೆಗೆ ಬೀಳುತ್ತಿತ್ತು. ದೇಶದ ಹಲವು ಮಂಡಳಿಗಳ ಪಾಡೂ ಇದೇ ಆಗಿತ್ತು. ಒಡಿಶಾ 1995ರಲ್ಲಿ ಸುಧಾರಣಾ ಕಾಯ್ದೆ ತಂದು 1996ರಲ್ಲಿ ಮೊದಲ ರಾಜ್ಯ ಆಯೋಗ ಸ್ಥಾಪಿಸಿತು, 1998ರಲ್ಲಿ ಕೇಂದ್ರದ ಕಾಯ್ದೆ ಬಂತು, 1999ರಲ್ಲಿ ಕರ್ನಾಟಕದ್ದು. ಕೆಇಬಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಆಯಿತು. 2002ರ ಜೂನ್‌ನಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಬೇರೆಯಾದವು, ಮೈಸೂರಿನ ಚಾಮುಂಡೇಶ್ವರಿ ನಿಗಮ ಆಮೇಲೆ ಹುಟ್ಟಿತು. ಈಗ ಎಲ್ಲಕ್ಕೂ ಮೇಲಿರುವುದು 2003ರ ವಿದ್ಯುತ್ ಕಾಯ್ದೆ.

ಮಂತ್ರಿ ಮತ್ತು ಕಂಪನಿ ಇಬ್ಬರಿಂದಲೂ ಬೇರೆಯಾಗಿ ನಿಂತು ದರ ನೋಡುವ ಸಂಸ್ಥೆ ಎಂಬ ಕಲ್ಪನೆ ಹಳೆಯದು. ಅಮೆರಿಕ ರೈಲು ಸಾಗಣೆ ದರಗಳಿಗಾಗಿ 1887ರಲ್ಲೇ ಅಂಥದೊಂದು ಆಯೋಗ ಮಾಡಿತ್ತು. ನಮ್ಮ ಆಯೋಗಗಳು ಅದೇ ಜಾತಿಯವು: ನಿಯಮಾವಳಿ ಬರೆಯುವುದು, ಲೈಸೆನ್ಸ್ ಮತ್ತು ದರ ನೋಡುವುದು, ಕಂಪನಿಗಳ ನಡುವಿನ ವ್ಯಾಜ್ಯ ತೀರಿಸುವುದು, ಮೂರೂ ಒಂದೇ ಸೂರಿನಡಿ.

ಸ್ವಾತಂತ್ರ್ಯ ಎಷ್ಟರಮಟ್ಟಿಗಿದೆ? ರಾಜ್ಯ ಆಯೋಗದಲ್ಲಿ ಅಧ್ಯಕ್ಷರೂ ಸೇರಿ ಹೆಚ್ಚೆಂದರೆ ಮೂವರು. ಅವಧಿ 5 ವರ್ಷ, ವಯೋಮಿತಿ 65, ಅದೇ ಹುದ್ದೆಗೆ ಮರುನೇಮಕ ಇಲ್ಲ, ಸುಮ್ಮನೆ ಕಿತ್ತುಹಾಕುವಂತೆಯೂ ಇಲ್ಲ. ಒಬ್ಬರಾದರೂ ಕಾನೂನು ಹಿನ್ನೆಲೆಯವರಿರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇಷ್ಟು ಗಟ್ಟಿ. ಸಡಿಲವೂ ಇದೆ: ಹೈಕೋರ್ಟಿನ ಮಾಜಿ ನ್ಯಾಯಮೂರ್ತಿ ಅಧ್ಯಕ್ಷರಾಗಿರುವ ಆಯ್ಕೆ ಸಮಿತಿಯಲ್ಲಿ ಮುಖ್ಯ ಕಾರ್ಯದರ್ಶಿ ಕೂರುತ್ತಾರೆ, ಪ್ರತಿ ಹುದ್ದೆಗೆ ಬರುವ ಎರಡು ಹೆಸರಲ್ಲಿ ಒಂದನ್ನು ಆರಿಸುವುದು ಸರ್ಕಾರ. 2003ರ ಕಾಯ್ದೆಯ ಕಲಂ 108ರಡಿ ಸಾರ್ವಜನಿಕ ಹಿತದ ನೀತಿ ವಿಷಯಗಳಲ್ಲಿ ಸರ್ಕಾರ ನಿರ್ದೇಶನ ಕೊಡಬಹುದು, ಯಾವುದು ನೀತಿ ಎಂದು ತೀರ್ಮಾನಿಸುವುದೂ ಸರ್ಕಾರವೇ!

ಆಕ್ಷೇಪಣೆ ಬರೆಯುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಯಾರಿಗೆ ಎಷ್ಟು ಸಬ್ಸಿಡಿ ಎಂಬುದು ಸರ್ಕಾರದ್ದು, ಖರ್ಚು ಎಷ್ಟು ನ್ಯಾಯವಾದದ್ದು ಎಂಬುದು ಆಯೋಗದ್ದು. "ನಮಗೂ ಉಚಿತ ವಿದ್ಯುತ್ ಕೊಡಿ" ಎಂದು ಆಯೋಗವನ್ನು ಕೇಳಿ ಪ್ರಯೋಜನವಿಲ್ಲ. ಗೃಹಜ್ಯೋತಿಯಾಗಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ನ ಉಚಿತ ವಿದ್ಯುತ್ತಾಗಲಿ ಸರ್ಕಾರದ ಬೊಕ್ಕಸದಿಂದ ಬರಬೇಕು. ಆದರೆ ಕಲಂ 65ರ ಪ್ರಕಾರ ಆ ಹಣವನ್ನು ಸರ್ಕಾರ ಮುಂಗಡವಾಗಿ ಕೊಡಬೇಕು. ಹಾಗಾಗಿ "ಸಬ್ಸಿಡಿ ಬಾಕಿ ಎಷ್ಟಿದೆ, ಅದಕ್ಕಾಗಿ ತಂದ ಸಾಲದ ಬಡ್ಡಿಯನ್ನು ನಮ್ಮ ದರದಲ್ಲಿ ಸೇರಿಸಿದ್ದೀರಾ" ಎಂಬ ಪ್ರಶ್ನೆ ಆಯೋಗದ ಅಂಗಳದ್ದೇ. ಕೇಳಲೇಬೇಕಾದದ್ದು.

ಬಾಗಿಲು ತಪ್ಪಬೇಡಿ

ಬಿಲ್ಲು ತಪ್ಪು, ಮೀಟರ್ ವೇಗವಾಗಿ ಓಡುತ್ತದೆ, ಟ್ರಾನ್ಸ್‌ಫಾರ್ಮರ್ ಸುಟ್ಟು ವಾರವಾಯಿತು: ಇವಕ್ಕೆ ದರದ ವಿಚಾರಣೆ ಜಾಗವಲ್ಲ. ಮೊದಲು ಉಪವಿಭಾಗ ಕಚೇರಿಯಲ್ಲಿ ಲಿಖಿತ ದೂರು, ಆಮೇಲೆ ಕಲಂ 42(5)ರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಆಗದಿದ್ದರೆ 42(6)ರ ಓಂಬುಡ್ಸ್‌ಮನ್. ಅನಧಿಕೃತ ಬಳಕೆ ಎಂದು ಕಲಂ 126ರಡಿ ದಂಡದ ಬಿಲ್ಲು ಬಂದಿದ್ದರೆ ದಾರಿಯೇ ಬೇರೆ: ಅಂತಿಮ ಆದೇಶವಾದ 30 ದಿನದೊಳಗೆ, ಅರ್ಧ ಮೊತ್ತ ಕಟ್ಟಿ, ಕಲಂ 127ರಡಿ ಮೇಲ್ಮನವಿ. ದಿನ ತಪ್ಪಿಸಿಕೊಂಡು ಆಯೋಗದ ಮುಂದೆ ಅಳಲು ತೋಡಿಕೊಂಡರೆ ಎರಡೂ ಕೈಬಿಡುತ್ತವೆ.

ದರದ ಅರ್ಜಿಗೆ ಆಧಾರ ಕಲಂ 62 ಮತ್ತು 64. ಕಂಪನಿ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಅರ್ಜಿ ಬಂದ 120 ದಿನದಲ್ಲಿ, ಸಾರ್ವಜನಿಕರ ಸಲಹೆ ಮತ್ತು ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿ, ಆಯೋಗ ಆದೇಶ ಹೊರಡಿಸಬೇಕು. "ಪರಿಗಣಿಸಿ" ಎಂಬ ಈ ಒಂದು ಪದವೇ ನಿಮ್ಮ ಹಿಡಿ. 2002ರಲ್ಲಿ, 1998ರ ಕಾಯ್ದೆಯಡಿ ಪಶ್ಚಿಮ ಬಂಗಾಳದ ಆಯೋಗದಿಂದ ಹುಟ್ಟಿದ ಪ್ರಕರಣವೊಂದರಲ್ಲಿ, ದರ ನಿಗದಿಯಲ್ಲಿ ಮಾತು ಹೇಳುವುದು ಗ್ರಾಹಕರಿಗೆ ಕಾನೂನೇ ಕೊಟ್ಟ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು.

ಮೊದಲು ಕೈಗೆ ಬರಬೇಕಾದ ಕಾಗದ

ಪತ್ರಿಕೆಯ ಸಾರಾಂಶ ನಂಬಿ ಬರೆಯಬೇಡಿ. ಅದರಲ್ಲಿ ಕೇಳಿದ ಪೈಸೆ ಇರುತ್ತದೆ, ಅದರ ಹುಟ್ಟು ಇರುವುದಿಲ್ಲ. ಕಂಪನಿಯ ಅಥವಾ ಆಯೋಗದ ಜಾಲತಾಣದಿಂದ ಪೂರ್ತಿ ಅರ್ಜಿ, ಅದರ ಹಿಂದಿನ ನಮೂನೆ ಕೋಷ್ಟಕಗಳು, ಅರ್ಜಿಯ ಮೇಲೆ ಆಯೋಗ ಎತ್ತಿದ ಪ್ರಾಥಮಿಕ ಪ್ರಶ್ನೆಗಳಿಗೆ ಕಂಪನಿ ಕೊಟ್ಟ ಉತ್ತರ, ಹಿಂದಿನ ದರ ಆದೇಶ, ಲೆಕ್ಕಪರಿಶೋಧಿತ ವಾರ್ಷಿಕ ವರದಿ ಇಳಿಸಿಕೊಳ್ಳಿ. ನೂರಾರು ಪುಟ. ಗಾಬರಿ ಬೇಡ, ಓದುವುದು ಹಿಂದಿನಿಂದ: ಮೊದಲು ಹಿಂದಿನ ಆದೇಶದಲ್ಲಿ ಆಯೋಗ ಒಪ್ಪಿದ ಅಂಕಿಗಳ ಕೋಷ್ಟಕ, ಆಮೇಲೆ ಈಗಿನ ಅರ್ಜಿಯಲ್ಲಿ ಅದೇ ವರ್ಷದ ನಿಜ ಅಂಕಿ, ಕೊನೆಗೆ ಮುಂದಿನ ವರ್ಷದ ಅಂದಾಜು. ಮೂರನ್ನೂ ಅಕ್ಕಪಕ್ಕ ಬರೆದುಕೊಂಡರೆ ಯಾವ ಸಾಲು ನೆಗೆದಿದೆ ಎಂದು ತಾನೇ ಕಾಣುತ್ತದೆ. ಐದಾರು ಸಾಲಿಗಿಂತ ಹೆಚ್ಚು ಹಿಡಿಯಬೇಡಿ.

ಪ್ರಾಥಮಿಕ ಪ್ರಶ್ನೆಗಳ ಉತ್ತರವನ್ನು ಹೆಚ್ಚಿನವರು ತೆರೆದೇ ನೋಡುವುದಿಲ್ಲ. ಆಯೋಗದ ಸಿಬ್ಬಂದಿಗೇ ಅನುಮಾನ ಬಂದ ಜಾಗಗಳು ಅವು. ಕಂಪನಿ ಅಲ್ಲಿ ಜಾರಿಕೊಂಡಿದ್ದರೆ ನೀವು ಹಿಡಿಯಬೇಕಾದ ಎಳೆ ಅದೇ.

ಲೆಕ್ಕದಲ್ಲಿ ಎಲ್ಲಿ ನೋಡಬೇಕು

ವಾರ್ಷಿಕ ಆದಾಯ ಅಗತ್ಯ ಅಂದರೆ ಎಆರ್‌ಆರ್, ಕಂಪನಿಗೆ ಆ ವರ್ಷ ಬೇಕಾದ ಒಟ್ಟು ಹಣ: ವಿದ್ಯುತ್ ಖರೀದಿ, ಸಾಗಣೆ ಶುಲ್ಕ, ಸಂಬಳ ಮತ್ತು ದುರಸ್ತಿ, ಸವಕಳಿ, ಬಡ್ಡಿ, ಬಂಡವಾಳದ ಮೇಲಿನ ಪ್ರತಿಫಲ, ಹಿಂದಿನ ವರ್ಷದ ಕೊರತೆ, ಇದರಲ್ಲಿ ಇತರ ಆದಾಯ ಕಳೆದದ್ದು. ಎಲ್ಲಕ್ಕಿಂತ ದೊಡ್ಡ ಸಾಲು ಖರೀದಿ. ಸಂಬಳದ ಸಾಲಿಗೆ ಮುಗಿಬೀಳುವುದು ಸುಲಭ, ಸಿಗುವುದು ಕಡಿಮೆ.

ಖರೀದಿಯ ಒಳಗುಟ್ಟು ವಿತರಣಾ ನಷ್ಟದಲ್ಲಿದೆ. ಕಂಪನಿ 1,000 ಮಿಲಿಯನ್ ಯೂನಿಟ್ ಮಾರಬೇಕು ಎಂದುಕೊಳ್ಳಿ. ನಷ್ಟ ಶೇ 10 ಆದರೆ 1,000 ಭಾಗಿಸು 0.90, ಅಂದರೆ 1,111 ಮಿಲಿಯನ್ ಕೊಳ್ಳಬೇಕು. ಶೇ 12 ಎಂದು ತೋರಿಸಿದರೆ 1,136. ವ್ಯತ್ಯಾಸ ಸುಮಾರು 25 ಮಿಲಿಯನ್ ಯೂನಿಟ್. ಯೂನಿಟ್‌ಗೆ ₹5ರಂತೆ ಹಿಡಿದರೆ ₹12.6 ಕೋಟಿ, ಮಾರಿದ ಪ್ರತಿ ಯೂನಿಟ್ ಮೇಲೆ 12.6 ಪೈಸೆ. ಎರಡು ಅಂಶದ ನಷ್ಟ ಹನ್ನೆರಡು ಪೈಸೆ ಆಗುವುದು ಹೀಗೆ. ಆಯೋಗ ಹಿಂದಿನ ಆದೇಶದಲ್ಲಿ ನಷ್ಟಕ್ಕೆ ಗುರಿ ಹಾಕಿರುತ್ತದೆ, ಗುರಿ ಮೀರಿದ ನಷ್ಟದ ಖರೀದಿಯನ್ನು ಗ್ರಾಹಕರ ಮೇಲೆ ಹಾಕಬೇಡಿ ಎಂದು ಕೇಳಲು ನಿಮಗೆ ಗಟ್ಟಿ ನೆಲ ಇದೆ.

ಈ ನಷ್ಟ ಅವಿತುಕೊಳ್ಳುವ ಒಂದು ಜಾಗವಿದೆ, ಅದೇ ಐಪಿ ಸೆಟ್, ಅಂದರೆ ನೀರಾವರಿ ಪಂಪ್‌ಸೆಟ್. ಮೀಟರ್ ಇಲ್ಲದ ಪಂಪ್‌ಸೆಟ್‌ಗಳ ಬಳಕೆ ಬರೀ ಅಂದಾಜು. ಕಂಪನಿಗೆ ಒಳಬಂದದ್ದು 1,000, ಮೀಟರ್ ಇದ್ದ ಮಾರಾಟ 600, ಪಂಪ್‌ಸೆಟ್ ಅಂದಾಜು 280 ಎಂದರೆ ನಷ್ಟ ಶೇ 12. ಪಂಪ್‌ಸೆಟ್‌ಗೆ ನಿಜಕ್ಕೂ ಹೋದದ್ದು 250 ಆಗಿದ್ದರೆ ನಷ್ಟ ಶೇ 15. ಮೂವತ್ತು ಯೂನಿಟ್ ಕಳ್ಳತನವೂ ಸೋರಿಕೆಯೂ ರೈತರ ಲೆಕ್ಕಕ್ಕೆ ಬಿತ್ತು, ಅದರ ಸಬ್ಸಿಡಿ ಬಿಲ್ಲು ಸರ್ಕಾರಕ್ಕೆ ಹೋಯಿತು. ಈ ಅಂದಾಜನ್ನು ಪ್ರಶ್ನಿಸಿದರೆ ರೈತವಿರೋಧ ಎನ್ನುವವರಿದ್ದಾರೆ. ವಾಸ್ತವದಲ್ಲಿ ರೈತರ ಮೇಲೆ ಹೊರಿಸಿದ ಸುಳ್ಳು ಬಳಕೆಯನ್ನು ಇಳಿಸಿದಂತಾಗುತ್ತದೆ.

ಪರೀಕ್ಷೆ ಸುಲಭ. 5 ಎಚ್‌ಪಿ ಮೋಟಾರ್ 3.73 ಕಿಲೋವಾಟ್. ದಿನಕ್ಕೆ 7 ಗಂಟೆ, ವರ್ಷಕ್ಕೆ 200 ದಿನ ಓಡಿದರೆ 5,222 ಯೂನಿಟ್. ಮೋಟಾರಿನ ದಕ್ಷತೆ ಶೇ 80 ಎಂದು ಸೇರಿಸಿದರೆ 6,500ರ ಆಸುಪಾಸು. ಈ ದಕ್ಷತೆಯ ಲೆಕ್ಕವನ್ನು ನೀವೇ ಮೊದಲು ಹಾಕಿ, ಇಲ್ಲದಿದ್ದರೆ ಕಂಪನಿ ಅದನ್ನೇ ಹಿಡಿದು ನಿಮ್ಮ ಇಡೀ ಲೆಕ್ಕ ತಳ್ಳಿಹಾಕುತ್ತದೆ. ರೈತರು 5 ಎಚ್‌ಪಿ ಬರೆಸಿ ದೊಡ್ಡ ಮೋಟಾರ್ ಕೂರಿಸಿದ್ದಾರೆ ಎಂಬ ವಾದವೂ ಬರುತ್ತದೆ. ಹಾಗಿದ್ದರೆ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ವಿತರಣಾ ಮಾರ್ಗ) ಮೀಟರ್ ಓದು ತೋರಿಸಿ ಎನ್ನಿ. ಪಂಪ್‌ಸೆಟ್‌ಗೆಂದೇ ಬೇರ್ಪಡಿಸಿದ ಫೀಡರ್ ಎಷ್ಟು, ಎಷ್ಟರ ಮೀಟರ್ ಸರಿಯಿದೆ, ತಿಂಗಳುವಾರು ಓದು ಎಷ್ಟು, ಬತ್ತಿದ ಬೋರ್‌ವೆಲ್‌ಗಳ ಸೆಟ್‌ಗಳನ್ನು ಎಣಿಕೆಯಿಂದ ತೆಗೆದಿದ್ದೀರಾ: ಈ ನಾಲ್ಕು ಪ್ರಶ್ನೆ ಸಾಕು.

ಬಂಡವಾಳ ಕಾಮಗಾರಿಯ ಸಾಲಿನಲ್ಲಿ ಮಂಜೂರಾದದ್ದಕ್ಕೂ ಖರ್ಚಾದದ್ದಕ್ಕೂ ಅಂತರ ನೋಡಿ. ಮೂರು ವರ್ಷ ಸತತವಾಗಿ ₹100 ಕೋಟಿ ಕೇಳಿ ₹60 ಕೋಟಿ ಖರ್ಚು ಮಾಡಿದವರು ಈ ಸಲ ₹120 ಕೋಟಿ ಕೇಳಿದರೆ, ಅದರ ಬಡ್ಡಿ ಮತ್ತು ಸವಕಳಿ ಈಗಲೇ ನಿಮ್ಮ ದರದಲ್ಲಿ ಕೂತಿರುತ್ತದೆ. ನಿಗದಿತ ಶುಲ್ಕ ಏರಿಸಲು ಕೇಳಿದ್ದರೆ ಪ್ರತ್ಯೇಕವಾಗಿ ಎದುರಿಸಿ: ಮಂಜೂರಾದ ಲೋಡ್ ಮೇಲೆ ಬೀಳುವ ಈ ಶುಲ್ಕ ಕಡಿಮೆ ಬಳಸುವವರನ್ನೇ ಹೆಚ್ಚು ಹಿಂಡುತ್ತದೆ. ನಿಮ್ಮ ಕಳೆದ ಹನ್ನೆರಡು ಬಿಲ್ಲಿನ ಮೇಲೆ ಹೊಸ ಶುಲ್ಕ ಹಾಕಿ ತೋರಿಸಿದರೆ ಮಾತಿಗಿಂತ ಹೆಚ್ಚು ಹೇಳಿದಂತಾಗುತ್ತದೆ.

ಹಳೆಯ ಕೊರತೆಯನ್ನು ಮುಂದಕ್ಕೆ ತಳ್ಳಿ ಎಂದು ಕೇಳುವ ಆಸೆಯಾಗುತ್ತದೆ. ಹುಷಾರು. ತಳ್ಳಿದ್ದು ರೆಗ್ಯುಲೇಟರಿ ಅಸೆಟ್ (ಮುಂದೆ ದರದಲ್ಲಿ ವಸೂಲಿ ಮಾಡಬೇಕಾದ ಬಾಕಿ) ಆಗಿ, ಬಡ್ಡಿ ಕೂಡಿಕೊಂಡು, ನಿಮ್ಮ ಬಾಗಿಲಿಗೇ ಬರುತ್ತದೆ. ಇಂಥ ಬಾಕಿಯನ್ನು ಕಾಲಮಿತಿಯಲ್ಲಿ ತೀರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಆಯೋಗಗಳಿಗೆ ಹೇಳಿದೆ.

ಬರೆಯುವುದು

ಮೇಲೆ ಆಯೋಗದ ಹೆಸರು, ಅರ್ಜಿಯ ವಿಷಯ, ಅರ್ಜಿದಾರ ಕಂಪನಿ, ಆಕ್ಷೇಪಣೆದಾರರ ಹೆಸರು ಮತ್ತು ವಿಳಾಸ, ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ), ದರ ವರ್ಗ. ಸಂಘದ ಪರವಾಗಿ ಆದರೆ ಸಂಘದ ನಿರ್ಣಯದ ಪ್ರತಿ. ಆಮೇಲೆ ಒಂದಕ್ಕೊಂದು ಸೇರದಂತೆ ಸಂಖ್ಯೆ ಹಾಕಿದ ಅಂಶಗಳು. ಒಂದೇ ಪ್ಯಾರಾದಲ್ಲಿ ಮೂರು ವಿಷಯ ತುರುಕಿದರೆ ಕಂಪನಿ ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನು ನುಂಗುತ್ತದೆ.

ಒಂದು ಅಂಶ ಹೀಗಿರಲಿ (ಅಂಕಿಗಳು ಮಾದರಿಗೆ ಮಾತ್ರ):

"ಅಂಶ 3. ಅರ್ಜಿಯ ಪುಟ 84, ಕೋಷ್ಟಕ 5.3ರಲ್ಲಿ 2,10,000 ಪಂಪ್‌ಸೆಟ್‌ಗಳಿಗೆ ತಲಾ 9,000 ಯೂನಿಟ್‌ನಂತೆ 1,890 ಮಿಲಿಯನ್ ಯೂನಿಟ್ ಬಳಕೆ ಅಂದಾಜಿಸಲಾಗಿದೆ. ಹಿಂದಿನ ಆದೇಶದಲ್ಲಿ ಆಯೋಗ ಒಪ್ಪಿದ್ದು ತಲಾ 7,800 ಯೂನಿಟ್. ಹೆಚ್ಚಳಕ್ಕೆ ಫೀಡರ್ ಮೀಟರ್ ಓದಿನ ದಾಖಲೆ ಲಗತ್ತಿಸಿಲ್ಲ. ಆದ್ದರಿಂದ ಬಳಕೆಯನ್ನು 1,638 ಮಿಲಿಯನ್ ಯೂನಿಟ್‌ಗೆ ಸೀಮಿತಗೊಳಿಸಿ, ಉಳಿದ 252 ಮಿಲಿಯನ್ ಯೂನಿಟ್ಟನ್ನು ವಿತರಣಾ ನಷ್ಟವೆಂದು ಪರಿಗಣಿಸಬೇಕು. ಇದನ್ನು ಒಪ್ಪದಿದ್ದಲ್ಲಿ, ಫೀಡರ್‌ವಾರು ಮಾಹಿತಿ ಸಲ್ಲಿಸುವಂತೆ ಕಂಪನಿಗೆ ನಿರ್ದೇಶಿಸಬೇಕು."

ಪುಟ, ಹಿಂದಿನ ಅಂಕಿ, ಇಲ್ಲದ ದಾಖಲೆ, ಕೋರಿಕೆ, ಕೋರಿಕೆ ಬಿದ್ದರೆ ಎರಡನೆಯ ಕೋರಿಕೆ. ಈ ಎರಡನೆಯದನ್ನು ಬಿಡಬೇಡಿ. ಅಂಕಿಯನ್ನು ಕತ್ತರಿಸಲು ಹಿಂಜರಿಯುವ ಆಯೋಗ ನಿರ್ದೇಶನ ಕೊಡಲು ಅಷ್ಟು ಹಿಂಜರಿಯುವುದಿಲ್ಲ.

ಪ್ರಮಾಣಪತ್ರ ಬೇಕು ಎಂದು ನೋಟಿಸಿನಲ್ಲಿದ್ದರೆ ನೋಟರಿ ಮುಂದೆ ಮಾಡಿಸಿ. ಅದರಲ್ಲಿ ಪ್ರಮಾಣ ಮಾಡುವುದು ನಿಮಗೆ ಗೊತ್ತಿರುವ ಸಂಗತಿ ಮತ್ತು ನೀವು ನೋಡಿದ ದಾಖಲೆಗಳ ಮಟ್ಟಿಗೆ. "ಕಂಪನಿಯಲ್ಲಿ ಭ್ರಷ್ಟಾಚಾರ ನಡೆದಿದೆ" ಎಂದು ಆಧಾರವಿಲ್ಲದೆ ಪ್ರಮಾಣ ಮಾಡಿದರೆ ತಲೆನೋವು ನಿಮ್ಮದೇ. ನೋಟಿಸಿನಲ್ಲಿ ಹೇಳಿದಷ್ಟು ಪ್ರತಿ ಆಯೋಗಕ್ಕೆ, ಒಂದು ಕಂಪನಿಗೆ, ತಲುಪಿದ ಸ್ವೀಕೃತಿ ನಿಮಗೆ. ಕೊನೆಯ ದಿನ ಎಂದರೆ ಕಾಗದ ಅಲ್ಲಿ ತಲುಪಬೇಕಾದ ದಿನ ಎಂದೇ ಹಿಡಿಯಿರಿ. ಬರೀ ಇಮೇಲ್ ಕಳಿಸಿ ನಿಶ್ಚಿಂತರಾಗುವುದೂ ಬೇಡ, ನೋಟಿಸು ಸಹಿ ಮಾಡಿದ ಪ್ರತಿ ಕೇಳಿದ್ದರೆ ಅದೇ ಹೋಗಬೇಕು. ಕನ್ನಡದಲ್ಲೇ ಬರೆಯಿರಿ, ಕೋಷ್ಟಕದ ಶೀರ್ಷಿಕೆ ಮತ್ತು ಸಂಖ್ಯೆಯನ್ನು ಮಾತ್ರ ಅರ್ಜಿಯಲ್ಲಿ ಇರುವಂತೆಯೇ ಉಳಿಸಿ. ಹುಡುಕುವವರಿಗೆ ಸಿಗಬೇಕಲ್ಲ.

ಉತ್ತರ ಬಂದಾಗ, ವಿಚಾರಣೆಯ ದಿನ

ಕಂಪನಿಯ ಉತ್ತರಗಳಲ್ಲಿ ಕೆಲವು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರುತ್ತವೆ: "ನಿಯಮಾವಳಿಯಂತೆ ಲೆಕ್ಕ ಹಾಕಲಾಗಿದೆ", "ವಿಷಯ ಆಯೋಗದ ಪರಿಶೀಲನೆಯಲ್ಲಿದೆ". ಒಂದು ಹಾಳೆಯ ಪ್ರತ್ಯುತ್ತರ ಬರೆಯಿರಿ: "ಅಂಶ 3ರಲ್ಲಿ ಕೇಳಿದ ಫೀಡರ್ ಓದಿಗೆ ಕಂಪನಿ ಉತ್ತರಿಸಿಲ್ಲ." ಹೊಸ ವಾದ ಬೇಡ. ಉತ್ತರ ಬಂದಿಲ್ಲ ಎಂಬುದು ಕಡತದಲ್ಲಿ ಕೂತರೆ ಸಾಕು, ಮೇಲ್ಮನವಿಯಲ್ಲಿ ಅದಕ್ಕೆ ಬೆಲೆ ಬರುತ್ತದೆ.

ಸಾರ್ವಜನಿಕ ವಿಚಾರಣೆಯಲ್ಲಿ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುತ್ತದೆ. ಮೂರು ಅಂಶ, ಪುಟಸಂಖ್ಯೆ ಸಮೇತ. ಹತ್ತು ಜನ ಒಟ್ಟಿಗೆ ಹೋಗುವುದಾದರೆ ಹಂಚಿಕೊಳ್ಳಿ: ಒಬ್ಬರು ನಷ್ಟ, ಒಬ್ಬರು ಖರೀದಿ, ಒಬ್ಬರು ನಿಗದಿತ ಶುಲ್ಕ. ಹತ್ತೂ ಜನ ಒಂದೇ ಮಾತು ಹೇಳಿದರೆ ಹತ್ತನೆಯವರ ಹೊತ್ತಿಗೆ ಪೆನ್ನುಗಳು ನಿಂತಿರುತ್ತವೆ. ತಮ್ಮ ಬೀದಿಯ ಕರೆಂಟು ಕಡಿತದ ಪುರಾಣ ಶುರುಮಾಡಿ ಸಮಯ ಮುಗಿಸಿಕೊಳ್ಳುವುದು ಇಲ್ಲಿ ನಡೆಯುವ ಮಾಮೂಲಿ ತಪ್ಪು. ಬಾಯಲ್ಲಿ ಹೇಳಿದ ಹೊಸ ಅಂಕಿ ಏನೇ ಇದ್ದರೂ ಅದರ ಬರಹವನ್ನು ಅಲ್ಲೇ ಕೊಟ್ಟು ದಾಖಲೆಗೆ ಸೇರಿಸಲು ಕೋರಿ.

ಆದೇಶದ ನಂತರ

ಆದೇಶದಲ್ಲಿ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಇರುವ ಭಾಗ ನೋಡಿ, ನಿಮ್ಮ ಅಂಶ ಅಲ್ಲಿದೆಯೇ ಎಂದು ಪರಿಶೀಲಿಸಿ. ಜಾರಿ ದಿನಾಂಕವನ್ನೂ ನೋಡಿ. 2023ರ ಮೇ 12ರಂದು ಬಂದ ಆದೇಶ ಸರಾಸರಿ 70 ಪೈಸೆ ಏರಿಕೆಯನ್ನು ಏಪ್ರಿಲ್ 1ರಿಂದಲೇ ಅನ್ವಯಿಸಿತು, ಹಿಂಬಾಕಿ ಸೇರಿ ಜೂನ್ ಬಿಲ್ಲು ಉಬ್ಬಿದಾಗ ಜನ ಬೀದಿಗಿಳಿದರು. ಆಕ್ಷೇಪಣೆಯಲ್ಲೇ "ಆದೇಶದ ದಿನಾಂಕಕ್ಕಿಂತ ಹಿಂದಿನಿಂದ ಅನ್ವಯಿಸಬಾರದು" ಎಂಬ ಸಾಲು ಇರಲಿ.

ಕೂಡುವ ಕಳೆಯುವ ತಪ್ಪು ಕಣ್ಣಿಗೆ ರಾಚುವಂತಿದ್ದರೆ ಆಯೋಗದ ಮುಂದೆಯೇ ಪುನರ್‌ಪರಿಶೀಲನೆ ಕೇಳಬಹುದು, ಕಲಂ 94 ಆ ಅಧಿಕಾರ ಕೊಟ್ಟಿದೆ. ಆದೇಶವೇ ತಪ್ಪೆಂದರೆ ಕಲಂ 111ರಡಿ, ಪ್ರತಿ ಸಿಕ್ಕ 45 ದಿನದಲ್ಲಿ, ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿಂದ ಮುಂದೆ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಸುಪ್ರೀಂ ಕೋರ್ಟ್, 60 ದಿನ. ವಕೀಲರೂ ಎಡವುವ ಜಾಗ ಒಂದಿದೆ: ನಿಮ್ಮ ತಕರಾರು ಆದೇಶದ ಮೇಲಲ್ಲದೆ ಅದಕ್ಕೆ ಆಧಾರವಾದ ನಿಯಮಾವಳಿಯ ಮೇಲೇ ಇದ್ದರೆ ನ್ಯಾಯಮಂಡಳಿ ಅದನ್ನು ಮುಟ್ಟುವಂತಿಲ್ಲ, ಹೈಕೋರ್ಟಿನಲ್ಲಿ ರಿಟ್ ಹಾಕಬೇಕು. 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿದೆ.

ಅದಕ್ಕೇ ನಿಯಮಾವಳಿಯ ಕರಡು ಪ್ರಕಟವಾದಾಗಲೇ ಎಚ್ಚರವಿರಬೇಕು. ದರದ ವಿಚಾರಣೆಗೆ ಬಂದು ಕೂಗಾಡುವವರು ಕರಡಿನ ಹೊತ್ತಿಗೆ ಕಾಣುವುದಿಲ್ಲ, ಆದರೆ ನಷ್ಟದ ಗುರಿ ಹೇಗೆ, ಪ್ರತಿಫಲ ಶೇಕಡಾ ಎಷ್ಟು ಎಂಬುದು ತೀರ್ಮಾನವಾಗುವುದು ಅಲ್ಲೇ. ದೂರಸಂಪರ್ಕ ನೋಡುವ ಟ್ರಾಯ್‌ನಂಥ ಬೇರೆ ನಿಯಂತ್ರಣ ಸಂಸ್ಥೆಗಳ ಕರಡುಗಳಿಗೂ ಇದೇ ರೀತಿ ಬರೆಯಬಹುದು. ಕರೆ ಕಡಿತವಾದರೆ ₹1, ದಿನಕ್ಕೆ ಗರಿಷ್ಠ ಮೂರು ಎಂದು ಟ್ರಾಯ್ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ರದ್ದು ಮಾಡಿತು, ಕಾರಣಗಳಲ್ಲಿ ಒಂದು ಪಾರದರ್ಶಕತೆಯ ಕೊರತೆ. ಬಂದ ಅಭಿಪ್ರಾಯಗಳಿಗೆ ಕಾರಣ ಸಹಿತ ಉತ್ತರ ಕೊಡುವ ಪದ್ಧತಿಯನ್ನು ಎಲ್ಲ ಸಂಸ್ಥೆಗಳಿಗೂ ಕಾನೂನಾಗಿ ತರಬೇಕೆಂದು ಸಂಸತ್ತಿಗೆ ಹೇಳಿದ್ದೂ ಅದೇ ತೀರ್ಪಿನಲ್ಲಿ.

2025ರ ಮಾರ್ಚ್‌ನಲ್ಲಿ ಆಯೋಗ 2025-26ರಿಂದ 2027-28ರವರೆಗೆ ಮೂರು ವರ್ಷದ ದರವನ್ನು ಒಟ್ಟಿಗೆ ಹಾಕಿದೆ. ಹಾಗೆಂದು ನಡುವೆ ಕೆಲಸವಿಲ್ಲ ಎಂದಲ್ಲ. ನಿಜ ಖರ್ಚಿನ ವಾರ್ಷಿಕ ಪರಿಶೀಲನೆ, ಖರೀದಿ ವೆಚ್ಚ ಹೊಂದಾಣಿಕೆ ಶುಲ್ಕ, ಪಿಂಚಣಿ ಮತ್ತು ಗ್ರಾಚ್ಯುಯಿಟಿಗೆಂದು 2025-26ಕ್ಕೆ ಹಾಕಿದ 36 ಪೈಸೆಯಂಥ ಸರ್‌ಚಾರ್ಜ್, ಇವೆಲ್ಲ ದರದ ಪಕ್ಕದ ಬಾಗಿಲಿನಿಂದ ಬಿಲ್ಲಿಗೆ ಬರುತ್ತವೆ. ಈಗಿನ ಆದೇಶದಿಂದ ಮೂರು ಹಾಳೆ ಎತ್ತಿಡಿ: ನಷ್ಟದ ಗುರಿ, ಪಂಪ್‌ಸೆಟ್ ತಲಾ ಬಳಕೆ, ಆಯೋಗ ಕಂಪನಿಗೆ ಕೊಟ್ಟ ನಿರ್ದೇಶನಗಳ ಪಟ್ಟಿ. ಮುಂದಿನ ಅರ್ಜಿ ಬಂದ ದಿನ ನಿಮ್ಮ ಅಂಶ 1, 2 ಮತ್ತು 3 ಅಲ್ಲೇ ಸಿದ್ಧವಾಗಿರುತ್ತವೆ.